ಊರಿಗಾಂ ಮೇಸ್ತ್ರಿಯ ಬೀರು ಪೆಟ್ಟಿಗೆ

ಯಾರ ಮನೆಗೆ ಹೋದರೂ ಅವರು ಮೊದಲು ಫ್ರಿಜ್ಜಿನ ಹಿಂದೆ ಕೈ ಇಡುತ್ತಿದ್ದರು. ಮನೆಯವರು ಬನ್ನಿ, ಕೂತುಕೊಳ್ಳಿ ಅನ್ನುವುದರೊಳಗೆ ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ನಡೆದು, ಗೋಡೆಗೂ ಫ್ರಿಜ್ಜಿಗೂ ನಡುವಿನ ಸಂದಿಯಲ್ಲಿ ಬಲಗೈ ತೂರಿಸಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ ಕೈಯ ಹಿಂಬದಿಯನ್ನು ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ, "ಹಿಂದೆ ಬಿಸಿ ಐತೆ. ಒಳಗೆ ತಣ್ಣಗಿರ್ತದೆ. ಪರವಾಯಿಲ್ಲ," ಎಂದು ಮೂರು ಮಾತು ಹೇಳಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಆ ಸಂದಿಯಲ್ಲಿ ಇದ್ದದ್ದು ಜೇಡರ ಬಲೆ ಮತ್ತು ಹಳೆಯ ಕ್ಯಾಲೆಂಡರುಗಳು. ಅವರು ಬರುತ್ತಾರೆ ಎಂದು ಗೊತ್ತಾದ ದಿನ ನನ್ನ ಹೆಂಡತಿ ಮುಂದಿನ ಕೋಣೆ ಗುಡಿಸುವುದನ್ನು ಬಿಟ್ಟು ಫ್ರಿಜ್ಜಿನ ಹಿಂದೆ ಗುಡಿಸುತ್ತಿದ್ದಳು.

ಕಳೆದ ತಿಂಗಳು ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೂ ಊರಿಗಾಂನಲ್ಲಿ ಬಹಳ ಜನಕ್ಕೆ ಗುರುತು ಸಿಗಲಿಕ್ಕಿಲ್ಲ, ಅಲ್ಲಿ ಅವರು ಎಲ್ಲರಿಗೂ ಬರೀ ಮೇಸ್ತ್ರಿ. ಕೆಜಿಎಫ್‌ನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅವರು ತಂಪಿನ ಕೆಲಸ ಮಾಡಿದರು. ಅಂದರೆ ವಾಟರ್ ಕೂಲರುಗಳು, ಕ್ಯಾಂಟೀನಿನ ಶೀತಲ ಕೋಣೆ, ಸಾಹೇಬರ ಏಸಿಗಳು, ಎಲ್ಲ ಅವರ ಸುಪರ್ದಿಯಲ್ಲಿದ್ದವು. ನಾನು ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಹಾವೇರಿ ಕಡೆಯವನು, ಕೆಲಸಕ್ಕೆಂದು ಇಲ್ಲಿಗೆ ಬಂದವನು, ಚೀಟಿ ಇಲ್ಲದೆ ಒಂದು ಮೊಳೆಯನ್ನೂ ಕೊಡದವನು ಎಂದು ಹೆಸರು ಮಾಡಿದವನು. ಈ ಕೊನೆಯ ಗುಣದ ಬಗ್ಗೆ ನನಗೆ ಈಗಲೂ ನಾಚಿಕೆ ಇಲ್ಲ.

ಮೊದಲ ಸಲ ಅವರು ಸ್ಟೋರ್ಸಿಗೆ ಬಂದಾಗ ಕೈಯಲ್ಲಿ ಚೀಟಿ ಇರಲಿಲ್ಲ. ಎರಡು ಮೀಟರು ತಾಮ್ರದ ಪೈಪು ಬೇಕು ಅಂದರು. "ಇಂಡೆಂಟ್ ಎಲ್ಲಿ ಐತ್ರೀ?" ಅಂದೆ. ಅವರು ನನ್ನ ಬೆನ್ನ ಹಿಂದಿದ್ದ ಕೂಲರಿನ ಸಂದಿಗೆ ಕೈ ತೂರಿಸಿದರು. "ಹಿಂದೆ ತಣ್ಣಗೈತೆ ಸಾರ್. ಅಂದ್ರೆ ಒಳಗೆ ಬಿಸಿ. ನೀವು ಮೂರು ದಿನದಿಂದ ಬಿಸಿನೀರು ಕುಡೀತಾ ಇದ್ದೀರಿ. ಹೇಳೋಕೂ ಇಂಡೆಂಟ್ ಬೇಕಾ?" ಅಂದರು. ನಿಜವಾಗಿಯೂ ಮೂರು ದಿನವಾಗಿತ್ತು. ನಾನು ಪೈಪು ಕೊಡಲಿಲ್ಲ. ಅವರು ಚೀಟಿ ತಂದು ತೆಗೆದುಕೊಂಡು ಹೋದರು, ಅದೇ ಪೈಪಿನಿಂದ ನನ್ನ ಕೂಲರನ್ನು ಸರಿಮಾಡಿದರು. ನಮ್ಮ ಗೆಳೆತನ ಶುರುವಾದದ್ದು ಹೀಗೆ. ಅದನ್ನು ಗೆಳೆತನ ಅನ್ನಲು ನಾನು ಹತ್ತು ವರ್ಷ ತೆಗೆದುಕೊಂಡೆ.

ಅವರ ತಂದೆ ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಾತಾಳಕ್ಕೆ ತಣ್ಣನೆ ಗಾಳಿ ಕಳಿಸುವ ಯಂತ್ರದ ಮನೆಯಲ್ಲಿ ಕೆಲಸಕ್ಕಿದ್ದರಂತೆ. ಆ ಆಳದಲ್ಲಿ ಬಂಡೆ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತಂತೆ. ಅಪ್ಪನಿಂದ ಮಗನಿಗೆ ಬಂದ ಆಸ್ತಿ ಒಂದೇ ಒಂದು ತಿಳಿವಳಿಕೆ. "ತಂಪು ಅಂತ ಒಂದು ವಸ್ತು ಇಲ್ವೇ ಇಲ್ಲ ಸಾರ್. ಯಾರೂ ಅದನ್ನ ತಯಾರು ಮಾಡಕ್ಕಾಗಲ್ಲ. ಒಳಗಿರೋ ಬಿಸೀನ ಹೊತ್ಕೊಂಡು ಹೋಗಿ ಹೊರಗೆ ಹಾಕಬೇಕು. ಅಷ್ಟೇ ನಮ್ಮ ಕೆಲಸ. ಕೂಲಿ ಕೆಲಸ." ಮನುಷ್ಯರಿಗೂ ಅವರು ಇದೇ ಲೆಕ್ಕ ಹಚ್ಚುತ್ತಿದ್ದರು. ಹೊರಗೆ ಕೂಗಾಡುವವರನ್ನು ಕಂಡರೆ ಅವರಿಗೆ ಭಯವಿರಲಿಲ್ಲ. ಬಾಯಿಬಿಡದೆ ತಣ್ಣಗೆ ಕೂತವರನ್ನು ಕಂಡರೆ ಕಸಿವಿಸಿಪಡುತ್ತಿದ್ದರು. ನಾನು ಒಮ್ಮೆ ಅವರ ಮೇಲೆ ರೇಗಿದಾಗ ಖುಷಿಯಿಂದ ನಕ್ಕು, "ಹಾಂ, ಹಿಂದೆ ಬಿಸಿ ಬಂತು," ಎಂದು ನನ್ನ ಬೆನ್ನು ಮುಟ್ಟಿದ್ದರು.

ಇನ್ನೊಂದು ಅಭ್ಯಾಸ ನೋಡಿದವರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಯಾವುದೇ ಫ್ರೀಜರಿಗೆ ಬೀಗದ ಕೊಂಡಿಗೋ ಚಕ್ರಕ್ಕೋ ತೂತು ಹಾಕಬೇಕಾಗಿ ಬಂದರೆ, ವಿಭೂತಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಪೆಟ್ಟಿಗೆಯ ಮೈಗೆಲ್ಲ ತೆಳ್ಳಗೆ ಬಳಿದು, ಸ್ವಿಚ್ ಹಾಕಿ, ಬೀಡಿ ಹಚ್ಚಿ ದೂರ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಒದ್ದೆ ಲೇಪದಲ್ಲಿ ಬೆಳ್ಳನೆ ಪಟ್ಟೆಗಳು ಮೂಡುತ್ತಿದ್ದವು. ತಗಡಿನ ಹಿಂದೆ ಬಿಸಿ ಪೈಪು ಹಾದುಹೋಗುವ ಕಡೆ ಮೊದಲು ಒಣಗುತ್ತದೆ. ಆ ಪಟ್ಟೆ ಬಿಟ್ಟು ಬೇರೆ ಕಡೆ ತೂತು ಹಾಕಬೇಕು. ಪೈಪಿಗೆ ಡ್ರಿಲ್ಲು ತಾಗಿತೋ ಗ್ಯಾಸೆಲ್ಲ ಹೋಗಿ ಪೆಟ್ಟಿಗೆ ತಗಡಿನ ಡಬ್ಬಿಯಾಗುತ್ತದೆ. ಮೇಸ್ತ್ರಿ ಗಿರಾಕಿಗೆ ನಾಮ ಹಾಕುವ ಮುಂಚೆ ಫ್ರೀಜರಿಗೆ ವಿಭೂತಿ ಹಾಕ್ತಾರೆ ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದರು. ಅವರೂ ನಗುತ್ತಿದ್ದರು. ಈ ಉಪಾಯ ಯಾರು ಕಲಿಸಿದರು ಎಂದು ಕೇಳಿದರೆ ಮಾತ್ರ, "ಕಲ್ತಿದ್ದು ಲೇಟಾಯ್ತು ಸಾರ್," ಎಂದು ಮಾತು ಬದಲಿಸುತ್ತಿದ್ದರು.

ಅವರ ಮನೆ ಊರಿಗಾಂನ ಹಳೆಯ ಲೈನಿನಲ್ಲಿ, ಅಂದರೆ ಗಣಿ ಕೂಲಿಗಳಿಗೆ ಕಟ್ಟಿದ ಸಾಲುಮನೆಗಳಲ್ಲಿ. ಮುಂದಿನ ಕೋಣೆಯ ಅರ್ಧ ಜಾಗ ಒಂದು ಉದ್ದನೆಯ, ಮೇಲೆ ಮುಚ್ಚಳವಿರುವ ಡೀಪ್ ಫ್ರೀಜರಿಗೆ ಮೀಸಲಾಗಿತ್ತು, ಐಸ್‌ಕ್ರೀಮ್ ಅಂಗಡಿಗಳಲ್ಲಿ ಇರುತ್ತದಲ್ಲ, ಅದು. ಅದರೊಳಗೆ ಅವರ ಹೆಂಡತಿ ಅಕ್ಕಿ ತುಂಬಿಟ್ಟಿದ್ದರು. ಆಕೆಯನ್ನು ನಾನು ಅಕ್ಕ ಅನ್ನುತ್ತೇನೆ. "ಇಲಿ ಬರಲ್ಲ ತಮ್ಮಾ. ಇದೊಂದೇ ಇವರು ಈ ಮನೆಗೆ ತಂದ ಉಪಯೋಗದ ಸಾಮಾನು, ಅದೂ ಕೆಟ್ಟಿದ್ದಕ್ಕೆ ಬಂತು," ಅನ್ನುತ್ತಿದ್ದರು. ಕೆಟ್ಟಿಲ್ಲ, ಚೆನ್ನಾಗಿಯೇ ಇದೆ ಎಂದು ಮೇಸ್ತ್ರಿ ಪ್ರತಿಸಲವೂ ತಿದ್ದುತ್ತಿದ್ದರು. ಪೆಟ್ಟಿಗೆಯ ಬಲಬದಿಯಲ್ಲಿ, ಮೇಲಂಚಿನಿಂದ ಒಂದು ಗೇಣು ಕೆಳಗೆ, ಕರಿ ಟೇಪು ಅಂಟಿಸಿದ ಒಂದು ಚೌಕ ಇತ್ತು. ಟೇಪು ಹಳತಾದಾಗಲೆಲ್ಲ ಬದಲಾಗುತ್ತಿತ್ತೇ ಹೊರತು ಅಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಕೇಳದಿರುವುದು ನನ್ನ ಸ್ವಭಾವ.

ನಿವೃತ್ತಿಯಾದ ಮೇಲೆ ನಾನು ಬಂಗಾರಪೇಟೆಯಲ್ಲಿ ಮನೆ ಮಾಡಿದೆ. ಅವರು ಊರಿಗಾಂನಲ್ಲೇ ಉಳಿದು ರಿಪೇರಿ ಮಾಡಿಕೊಂಡಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಬಸ್ಸಿನಲ್ಲಿ ಬಂದರು. ಫ್ರಿಜ್ಜಿನ ಹಿಂದೆ ಕೈ ಇಟ್ಟರು, ಪರವಾಯಿಲ್ಲ ಅನ್ನುವವರೆಗೆ ಮೂರು ಮಾತೂ ಹೇಳಿದರು, ಕೂತರು. ನನ್ನ ಹೆಂಡತಿ ಕಾಫಿ ತರಲು ಒಳಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಅಂದರು: "ಸಾರ್, ಆ ಫ್ರೀಜರಿಗೆ ಒಂದು ನಲ್ಲಿ ಹಾಕ್ತೀನಿ. ಪೀಪಾಯಿ ಬೀರು. ತಿರುಗಿಸಿದ್ರೆ ಗ್ಲಾಸಿಗೆ ಬರಬೇಕು. ನೀವು ಒಂದು ಅರ್ಜಿ ಬರ್ಕೊಡಬೇಕು."

ನಾನು ಹುಟ್ಟಿದ ಮೇಲೆ ಬೀರಿನ ವಾಸನೆಯನ್ನೂ ಸರಿಯಾಗಿ ತೆಗೆದುಕೊಂಡವನಲ್ಲ. ಮೇಸ್ತ್ರಿಯೂ ಕುಡಿಯುವವರಲ್ಲ. ಕುಡಿಯದ ಇಬ್ಬರು ಮುದುಕರು ಕೂತು ಮನೆಯಲ್ಲಿ ಬೀರಿನ ನಲ್ಲಿ ಹಾಕಿಸುವ ಮಾತಾಡುತ್ತಿದ್ದೇವೆ. "ಯಾರಿಗ್ರೀ ಇದು?" ಅಂದೆ. "ಒಬ್ಬನಿಗೆ," ಅಂದರು.

ಒಂದು ದಿನದ ಮಟ್ಟಿಗೆ ಮನೆಯಲ್ಲಿ ಬೀರು ಇಟ್ಟು ಹಂಚಲು ಪರ್ಮಿಟ್ ಬೇಕಾಗುತ್ತದೆ. ಸೈಬರ್ ಅಂಗಡಿಯಲ್ಲಿ ಕೂತು ಅರ್ಜಿ ತುಂಬಿಸಿದೆವು. ಸಮಾರಂಭದ ಉದ್ದೇಶ ಎಂಬ ಜಾಗ ಬಂತು. "ರಾಜಿ ಅಂತ ಬರೀರಿ," ಅಂದರು ಮೇಸ್ತ್ರಿ. ಸರ್ಕಾರಿ ಅರ್ಜಿಯಲ್ಲಿ ಹಾಗೆಲ್ಲ ಬರೆಯಲಾಗುವುದಿಲ್ಲ ಎಂದು ಗದರಿಸಿ ಷಷ್ಟಿಪೂರ್ತಿ ಎಂದು ಬರೆಸಿದೆ. ಅರವತ್ತು ದಾಟಿ ಅವರಿಗೆ ಮೂರು ವರ್ಷವಾಗಿತ್ತು. ನನ್ನ ಇಡೀ ನೌಕರಿಯಲ್ಲಿ ನಾನು ಬರೆಸಿದ ಒಂದೇ ಸುಳ್ಳು ಅದು, ಅದೂ ನೌಕರಿ ಮುಗಿದ ಮೇಲೆ.

ಕೆಲಸ ಶುರುವಾಯಿತು. ವಾರಕ್ಕೆರಡು ಸಲ ನಾನು ಊರಿಗಾಂಗೆ ಹೋಗಿ ನೋಡುತ್ತಿದ್ದೆ. ಅಕ್ಕ ಅಕ್ಕಿಯನ್ನು ಗೋಣಿಚೀಲಗಳಿಗೆ ಸುರಿದು, "ನನ್ನ ಅಕ್ಕಿ ಬೀದಿಗೆ ಬಂತು, ಇವರ ಬೀರು ಮನೆಗೆ ಬಂತು," ಎಂದು ಬೈಯುತ್ತಲೇ ಪೆಟ್ಟಿಗೆಯನ್ನು ಸೋಡಾಪುಡಿ ಹಾಕಿ ಒಳಗೆಲ್ಲ ತೊಳೆದುಕೊಟ್ಟರು. ಮೇಸ್ತ್ರಿ ಮುಚ್ಚಳದ ಕೀಲು ಬಿಚ್ಚಿ, ಬಾವಿಗೆ ಕಟ್ಟೆ ಕಟ್ಟಿದ ಹಾಗೆ ಪೆಟ್ಟಿಗೆಯ ಬಾಯಿ ಸುತ್ತ ಒಂದು ಮರದ ಚೌಕಟ್ಟು ಕೂರಿಸಿ, ಅದರ ಮೇಲೆ ಮುಚ್ಚಳ ಇಟ್ಟರು. ಮರ ಯಾವುದೋ ಬಿದ್ದುಹೋದ ಮನೆಯ ಬಾಗಿಲ ಚೌಕಟ್ಟಿನದು. ನಲ್ಲಿಯ ತೂತು ಆ ಮರಕ್ಕೆ. ಪೆಟ್ಟಿಗೆಯ ತಗಡನ್ನು ಡ್ರಿಲ್ಲು ಮುಟ್ಟಲೇಬಾರದು. ಫ್ರೀಜರಿಗೆ ಬಿಟ್ಟರೆ ಬೀರನ್ನು ಕಲ್ಲು ಮಾಡಿಬಿಡುತ್ತದೆ, ಆದ್ದರಿಂದ ಅದರ ವೇಗ ತಡೆಯಲು ಹೊರಗೊಂದು ಸಣ್ಣ ಯಂತ್ರ. ಅದರ ತಂತಿಯ ತುದಿಯನ್ನು ನೀರು ತುಂಬಿದ ಬಾಟಲಿಯೊಳಗೆ ಇಳಿಬಿಟ್ಟಿದ್ದರು. ನೀರು ಸಾಕಷ್ಟು ತಣ್ಣಗಾದರೆ ಕರೆಂಟು ತಾನೇ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಬೀರನ್ನು ಅಲ್ಲಿಯೇ ಕಾಯಿಸಿ ತಯಾರಿಸುವ ಒಂದು ಹೋಟೆಲಿನ ತಂಪುಯಂತ್ರವನ್ನು ಇವರು ಹಿಂದೆ ಸರಿಮಾಡಿಕೊಟ್ಟಿದ್ದರು. ಆ ಹೋಟೆಲಿನವರು ಹಳೆಯ ನಲ್ಲಿ ಕೊಟ್ಟರು, ಪರ್ಮಿಟ್ ತೋರಿಸಿದರೆ ಒಂದು ಪೀಪಾಯಿ ಕೊಡುವುದಾಗಿಯೂ ಒಪ್ಪಿದರು. ಬೀರನ್ನು ನಲ್ಲಿಗೆ ತಳ್ಳಲು ಗ್ಯಾಸು ಬೇಕು. ಅದಕ್ಕೆ ಒಂದು ಹಳೆಯ ಸೋಡಾ ಸಿಲಿಂಡರು ಮನೆಯ ಹಿಂದಿನಿಂದ ಹೊರಬಂತು.

ಸಿಲಿಂಡರು ಉದ್ದವಿದ್ದದ್ದರಿಂದ ಒಳಗೆ ಹಿಡಿಯಲಿಲ್ಲ. ಹೊರಗಿಟ್ಟು ಪೈಪನ್ನು ಒಳಗೆ ಬಿಡಬೇಕು. ಮರಕ್ಕೆ ಎರಡನೇ ತೂತು ಹಾಕಲು ಹೋದಾಗ ಹಳೇ ಮರ ಸೀಳಿತು. ಅದಕ್ಕೆ ಮೇಣ ತುಂಬಿ ಮುಚ್ಚಿ, ಮುಚ್ಚಳದ ಅಡಿಯಿಂದಲೇ ಪೈಪು ತೂರಿಸಿ, ಸಂದಿಗೆ ಟವೆಲು ತುರುಕಿದರು. ಅಷ್ಟು ನಾಜೂಕಿನ ಮನುಷ್ಯ ಇದೊಂದನ್ನು ಹೀಗೆ ಬಿಟ್ಟದ್ದು ನನಗೆ ಸರಿ ಕಾಣಲಿಲ್ಲ. "ಏನ್ರೀ ಮೇಸ್ತ್ರಿ, ನಿಮ್ಮ ವಿಭೂತಿ ಬಳೀರಿ, ಪೈಪು ಇಲ್ಲದ ಕಡೆ ಪೆಟ್ಟಿಗಿಗೇ ಒಂದು ತೂತು ಹೊಡೀರಿ. ಐದು ನಿಮಿಷದ ಕೆಲಸ," ಅಂದೆ.

ಅವರು ಡ್ರಿಲ್ಲನ್ನು ಕೆಳಗಿಟ್ಟರು. ಬೀಡಿ ಹುಡುಕಿದರು, ಸಿಗಲಿಲ್ಲ. ಆಮೇಲೆ ಕರಿ ಟೇಪಿನ ಚೌಕವನ್ನು ಕಣ್ಣಲ್ಲೇ ತೋರಿಸಿ, "ಅಲ್ಲಿ ಹೊಡೆದಿದ್ದೀನಿ ಸಾರ್. ಒಂದು ಸಲ. ಸಾಕು," ಅಂದರು. ಅವತ್ತು ನನಗೆ ಇಡೀ ಕಥೆ ಗೊತ್ತಾಯಿತು.

ಫ್ರೀಜರು ಪಿಳ್ಳಪ್ಪನದು. ಪಿಳ್ಳಪ್ಪ ಕಾಮಸಮುದ್ರದ ಕಡೆಯವನು, ಮೇಸ್ತ್ರಿಯ ಜೊತೆ ಶಾಲೆ ಕಲಿತವನು. ನನಗಿಂತ ದೊಡ್ಡವನಾದರೂ ಮೇಸ್ತ್ರಿಯ ಬಾಯಲ್ಲಿ ಸದಾ 'ಅವನು' ಆಗಿದ್ದರಿಂದ ನನಗೂ ಅದೇ ರೂಢಿಯಾಯಿತು. ಇಬ್ಬರೂ ಹರೆಯದಲ್ಲಿ ಡಿಸೆಂಬರಿನ ಪಾರ್ಟಿಗಳಿಗೆ ಗಣಿ ಸಾಹೇಬರ ಕ್ಲಬ್ಬಿನಲ್ಲಿ ಐಸು ಹೊರುವ ಕೆಲಸಕ್ಕೆ ಹೋಗುತ್ತಿದ್ದರಂತೆ. ಬೆಂಗಳೂರಿನಿಂದ ಬೀರಿನ ಪೀಪಾಯಿ ಬರುತ್ತಿತ್ತು. ಒಂದು ಸಲ ಎಲ್ಲರೂ ಹೋದ ಮೇಲೆ ಅಲ್ಲಿನ ಬಟ್ಲರ್ ತಳದಲ್ಲಿದ್ದ ಬೀರನ್ನು ಎರಡು ಸ್ಟೀಲು ಲೋಟಕ್ಕೆ ಬಿಟ್ಟುಕೊಟ್ಟ. ಈ ಕಥೆ ಹೇಳಿದ ದಿನದವರೆಗೆ ಮೇಸ್ತ್ರಿ ಕುಡಿದ ಬೀರು ಅದೊಂದೇ. ಪಿಳ್ಳಪ್ಪ ಮೂತಿಗೆ ಹತ್ತಿದ ನೊರೆ ಒರೆಸಿಕೊಳ್ಳುತ್ತ, "ಒಂದಿನ ಈ ನಲ್ಲಿ ನಮ್ಮನೇಗಿರಬೇಕು ಕಣ್ಲಾ. ತಂಪು ನಿಂದು, ನೊರೆ ನಂದು," ಅಂದಿದ್ದನಂತೆ. ಕೆಲಸ ಹಂಚಿಕೊಂಡದ್ದು ಹಾಗೆ.

ಮುಂದೆ ಪಿಳ್ಳಪ್ಪ ಬಂಗಾರಪೇಟೆಯಲ್ಲಿ ಸೋಡಾ, ಐಸ್‌ಕ್ರೀಮಿನ ಅಂಗಡಿ ಇಟ್ಟ. ಹೊಸ ಫ್ರೀಜರು ತಂದ. ಮೊದಲ ದೊಡ್ಡ ಆರ್ಡರು ಬಂತು, ಛತ್ರದಲ್ಲಿ ಮದುವೆ, ಊಟದ ಕೊನೆಗೆ ಐಸ್‌ಕ್ರೀಮು. ಹಿಂದಿನ ದಿನ ಸಂಜೆ ಪೆಟ್ಟಿಗೆ ತುಂಬಿದ ಮೇಲೆ, ಇದಕ್ಕೊಂದು ಬೀಗದ ಕೊಂಡಿ ಬೇಕು ಎಂದ. ಮೇಸ್ತ್ರಿ ಡ್ರಿಲ್ಲು ತಂದು, ಪೈಪು ಎಲ್ಲಿದೆ ಎಂದು ನನಗೆ ಗೊತ್ತಿಲ್ಲವೇ ಎಂಬ ಧೈರ್ಯದಲ್ಲಿ, ಒತ್ತಿದರು.

"ಸುಯ್ ಅಂತ ಬಂತು ಸಾರ್. ಆ ಸದ್ದು ನಿಲ್ಲೋವರೆಗೂ ಇಬ್ರೂ ಹಂಗೇ ನಿಂತಿದ್ವಿ. ಅವನು ನನ್ನ ಮುಖ ನೋಡ್ಲಿಲ್ಲ. ಬೈಲಿಲ್ಲ. ಒಂದೇ ಒಂದು ಮಾತು ಬೈದಿದ್ರೆ ನಾನು ಬದುಕ್ಕೊಂತಿದ್ದೆ."

ಮಾರನೆಯ ದಿನ ಮದುವೆಯ ಎಲೆಗಳಿಗೆ ಗುಲಾಬಿ ಬಣ್ಣದ ಗಂಜಿ ಬಡಿಸಿದ ಹಾಗಾಯಿತು. ಗಂಡಿನ ಕಡೆಯವರು ಪಿಳ್ಳಪ್ಪನ ಮರ್ಯಾದೆ ತೆಗೆದರು. ಊರೆಲ್ಲ ಸುದ್ದಿಯಾಗಿ ಆಮೇಲೆ ಯಾರೂ ಆರ್ಡರು ಕೊಡಲಿಲ್ಲ. ವರ್ಷದೊಳಗೆ ಅಂಗಡಿ ಮುಚ್ಚಿ ಅವನು ಐಸ್ ಫ್ಯಾಕ್ಟರಿಯಲ್ಲಿ ಕೊಕ್ಕೆ ಹಿಡಿದು ಗಡ್ಡೆ ಎಳೆಯುವ ಕೆಲಸಕ್ಕೆ ಸೇರಿದ. ಮೇಸ್ತ್ರಿ ಫ್ರೀಜರನ್ನು ಹೊತ್ತು ತಂದು, ಒಳಗೋಡೆಗೆ ಹೊಸ ಪೈಪು ಸುತ್ತಿ, ಗ್ಯಾಸು ತುಂಬಿ, ಟೆಂಪೋದಲ್ಲಿ ವಾಪಸು ಒಯ್ದರು. ಪಿಳ್ಳಪ್ಪ ಬಾಗಿಲಲ್ಲೇ ನಿಂತು, "ನೀವೇ ಇಟ್ಕೊಳ್ಳಿ ಸಾರ್. ನಂಗ್ಯಾಕೆ," ಅಂದ. ಸೋಡಾ ಸಿಲಿಂಡರನ್ನೂ ಅದೇ ಟೆಂಪೋಕ್ಕೆ ಏರಿಸಿ ಕಳಿಸಿದ. ಅಲ್ಲಿಂದ ಮುಂದೆ ಎದುರು ಸಿಕ್ಕರೆ ನಮಸ್ಕಾರ ಸಾರ್, ಅಷ್ಟೇ. ಮೇಸ್ತ್ರಿ ಮಗಳ ಮದುವೆಗೂ ಬರಲಿಲ್ಲ.

ಕೇಳುತ್ತ ಕೂತಾಗ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ನನ್ನ ಮೇಲೆ ಸಿಟ್ಟಾದವರು ಹಲವರಿದ್ದಾರೆ. ನನ್ನನ್ನು ಒಲಿಸಿಕೊಳ್ಳಲು ಒಂದು ಫ್ರೀಜರನ್ನು ಇಷ್ಟು ವರ್ಷ ಕಾಪಾಡಿದವರು ಯಾರೂ ಇಲ್ಲ.

ಕರೆಯುವ ಕೆಲಸ ನನಗೇ ಬಿತ್ತು, ಅವನಿದ್ದ ಬಂಗಾರಪೇಟೆಯಲ್ಲೇ ಇದ್ದೆನಲ್ಲ. ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ಪಿಳ್ಳಪ್ಪ ಸ್ಟೂಲಿನ ಮೇಲೆ ಕೂತಿದ್ದ. ಗಡ್ಡೆ ಎಳೆಯುವ ಶಕ್ತಿ ಹೋಗಿ ಈಗ ಕಾವಲಿಗಿದ್ದ. ಸಣ್ಣ ಮೈ, ಕೈಬೆರಳುಗಳು ಮಾತ್ರ ದಪ್ಪ, ಐಸಿನಿಂದ ಬಿರಿದವು. ವಿಷಯ ಹೇಳಿದೆ. ಬರುವ ಭಾನುವಾರ, ಮಧ್ಯಾಹ್ನ, ಊಟಕ್ಕೆ. ಫ್ರೀಜರಿನ ಮಾತು ಬಂದಾಗ ಅವನ ಕಣ್ಣು ಒಂದು ಸಲ ಮೇಲೆದ್ದು ಇಳಿಯಿತು.

"ನಂಗೆ ಶುಗರ್ರು ಸಾರ್. ಬೀರು ಗೀರು ಆಗಲ್ಲ," ಅಂದ.

"ಊಟಕ್ಕಾದ್ರೂ ಬರ್ರಿ ಪಿಳ್ಳಪ್ಪನವರ. ಅವರು ಭಾಳ ಆಸೆ ಇಟ್ಕೊಂಡಾರ."

"ಸಾರ್‌ಗೆ ಕೇಳ್ದೆ ಅಂತ ಏಳಿ," ಅಂದ. ಆಮೇಲೆ, ನಾನು ಹೊರಟ ಮೇಲೆ, ಹಿಂದಿನಿಂದ: "ಈಗ ತಣ್ಣಗೆ ಮಾಡ್ತದಾ ಅದು?"

"ಮಾಡ್ತೈತಿ," ಅಂದೆ. ಅವನು ಗೇಟು ಎಳೆದುಕೊಂಡ. ನಾನು ಮೇಸ್ತ್ರಿಗೆ ಫೋನು ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. "ಬರಲ್ಲ ಅಂತ ಅಂದ್ನಾ?" ಎಂದು ಕೇಳಿದರು. "ಬರಲ್ಲ ಅಂತ ಅನ್ಲಿಲ್ಲ," ಅಂದೆ. ಅವರಿಗೆ ಅಷ್ಟು ಸಾಕಾಯಿತು.

ಭಾನುವಾರ ಬಂತು. ಲೈನಿನ ಹತ್ತು ಹನ್ನೆರಡು ಮಂದಿ ಗಂಡಸರು ತಮ್ಮ ತಮ್ಮ ಲೋಟ ಹಿಡಿದುಕೊಂಡು ಬಂದಿದ್ದರು. ಪೀಪಾಯಿ ಹಿಂದಿನ ಸಂಜೆ ಟೆಂಪೋದಲ್ಲಿ ಕುಲುಕುತ್ತ ಬಂದು ಪೆಟ್ಟಿಗೆಯೊಳಗೆ ಕೂತಿತ್ತು. ಅಕ್ಕ ಅನ್ನ, ಕೋಳಿ ಸಾರು ಮಾಡಿದ್ದರು, ನನಗೆ ಬೇರೆ ಒಲೆಯಲ್ಲಿ ಬೇಳೆ ಸಾರು. ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಸ್ಸು ಬರುವ ದಿಕ್ಕಿಗೇ ನೋಡುತ್ತಿದ್ದರು. ಹನ್ನೆರಡರ ಬಸ್ಸು ಬಂತು, ಪಿಳ್ಳಪ್ಪ ಇರಲಿಲ್ಲ. ಜನ ಅವಸರಪಡಿಸಿದರು. ಮೇಸ್ತ್ರಿ ನಲ್ಲಿ ತಿರುಗಿಸಿದರು.

ಬಂದದ್ದು ನೊರೆ. ಬರೀ ನೊರೆ. ಲೋಟ ತುಂಬ ನೊರೆ ಬಂದು, ಅದು ಇಳಿದ ಮೇಲೆ ತಳದಲ್ಲಿ ಎರಡು ಚಮಚ ಬೀರು ನಿಲ್ಲುತ್ತಿತ್ತು. "ಏನ್ನಾ ಮೇಸ್ತ್ರಿ, ಶೇವಿಂಗ್ ಮಾಡ್ಕೋಬಹುದು ಇದ್ರಲ್ಲಿ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮೇಸ್ತ್ರಿ ಗ್ಯಾಸು ತಗ್ಗಿಸಿದರು, ಏರಿಸಿದರು, ಏನು ಮಾಡಿದರೂ ನೊರೆಯೇ. ಅವರ ಬಿಳಿ ಅಂಗಿಯ ತೋಳೆಲ್ಲ ಒದ್ದೆಯಾಯಿತು. ನನ್ನ ಕಡೆ ತಿರುಗಿ, "ನೊರೆ ನನ್ನ ಕೈಲಿ ಆಗಲ್ಲ ಸಾರ್," ಅಂದರು. ಆ ಮುಖವನ್ನು ನೋಡಲಾರದೆ ನಾನು ಹೊರಗೆ ಬಂದೆ.

ಹೊರಗೆ ಒಂದು ಆಟೋ ನಿಂತಿತ್ತು. ಪಿಳ್ಳಪ್ಪ ಇಳಿಯುತ್ತಿದ್ದ. ಹಿಂದಿನ ಸೀಟಿನಲ್ಲಿ ಗೋಣಿಚೀಲದಲ್ಲಿ ಸುತ್ತಿದ, ಭತ್ತದ ಹೊಟ್ಟು ಮೆತ್ತಿದ, ನೀರು ಸೋರುವ ಒಂದು ಐಸ್ ಗಡ್ಡೆ. ಆ ಕಸುಬಿನವರು ಬರಿಗೈಲಿ ಯಾರ ಮನೆಯ ಊಟಕ್ಕೂ ಹೋಗುವುದಿಲ್ಲ, ಮದುವೆಗೂ ಸಾವಿಗೂ ಐಸೇ ಅವರ ಮುಯ್ಯಿ ಎಂದು ಆಮೇಲೆ ಗೊತ್ತಾಯಿತು. ಆದರೆ ಅವನು ಬಾಗಿಲಲ್ಲಿ ನಿಂತು ಮೇಸ್ತ್ರಿಗೆ ಹೇಳಿದ್ದು ಬೇರೆ.

"ನಿಮ್ಮ ಫ್ರೀಜರ್ ಮ್ಯಾಲೆ ನಂಗೆ ನಂಬಿಕೆ ಇಲ್ಲ ಸಾರ್. ಅದುಕ್ಕೆ ತಂದೆ."

ಕೋಣೆಯಲ್ಲಿ ನಗು ನಿಂತುಹೋಯಿತು. ಮೇಸ್ತ್ರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಪಿಳ್ಳಪ್ಪ ನೊರೆಯ ಲೋಟವನ್ನು ನೋಡಿದ, ನಲ್ಲಿಯನ್ನು ನೋಡಿದ, ಬಗ್ಗಿ ಮುಚ್ಚಳದ ಸಂದಿಯಲ್ಲಿದ್ದ ಟವೆಲನ್ನು ಎಳೆದು ನೆಲಕ್ಕೆ ಹಾಕಿದ. ಮುಚ್ಚಳ ಒಂದು ಬೆರಳಿನಷ್ಟು ಬಾಯಿ ಬಿಟ್ಟುಕೊಂಡು ಕೂತಿತ್ತು.

"ಮುಚ್ಚಳ ಕೂತಿಲ್ಲ. ಬಿಸಿಗಾಳಿ ಒಳೀಕ್ ಓಗ್ತೈತೆ. ಪೀಪಾಯಿ ಬೆಚ್ಚಗೈತೆ. ನೊರೆ ಬರ್ದೆ ಇನ್ನೇನ್ ಬತ್ತದೆ?" ಅಂದ, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ಗ್ಯಾಸಿನ ಪೈಪು ಹಿಡಿದುಕೊಂಡು ಪೆಟ್ಟಿಗೆಯ ಸುತ್ತ ಬಂದ. ಬಲಬದಿಗೆ ಬಂದವನು ನಿಂತ. ಕರಿ ಟೇಪು ಕಂಡಿತ್ತು. ದಪ್ಪ ಉಗುರಿನಿಂದ ಅದರ ಮೂಲೆ ಎಬ್ಬಿಸಿ ಪರ್ ಎಂದು ಕಿತ್ತ. ತೂತು ಒಳಗಿನವರೆಗೂ ಹಾಗೇ ಇತ್ತು. ತನ್ನ ಕಿರುಬೆರಳನ್ನು ಅದರೊಳಗೆ ಹಾಕಿ ನೋಡಿದ. ಆಮೇಲೆ ಪೈಪಿನ ತುದಿಯನ್ನು ಅದರ ಪಕ್ಕ ಹಿಡಿದು ನೋಡಿದ. ಸರಿಯಾಗಿ ಹಿಡಿಯುವ ಅಳತೆ.

ಅವನು ತಲೆಯೆತ್ತಿ ಮೇಸ್ತ್ರಿಯ ಮುಖ ನೋಡಿದ.

"ಥೂ ನಿನ್ನ, ಪೆದ್ದ ನನ್ಮಗನೇ!" ಅಂದ. "ಇಷ್ಟ್ ಚೆಂದಾಗಿರೋ ತೂತು ಮಡಿಕ್ಕೊಂಡು ಮುಚ್ಚಳದಾಗೆ ಪೈಪು ಬಿಟ್ಟಿದ್ದೀಯಲ್ಲೋ! ಬುದ್ಧಿ ಐತೇನ್ಲಾ ನಿಂಗೆ? ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ! ನನ್ನ ಅಂಗಡಿ ತಿಂದಿದ್ದು ಸಾಲ್ದು ಅಂತ ನನ್ನ ಬೀರೂ ತಿನ್ತೀಯಾ, ಕತ್ತೆ!"

ಇನ್ನೂ ಬೈದ. ತೆಲುಗಿನಲ್ಲಿ ಬೈದ, ತಮಿಳಿನಲ್ಲಿ ಬೈದ, ಕೆಲವು ಮಾತು ಇಲ್ಲಿ ಬರೆಯುವಂಥವಲ್ಲ. ಬೈಯುತ್ತಲೇ ತೂತಿನೊಳಗೆ ಪೈಪು ಇಳಿಸಿದ, ಬೈಯುತ್ತಲೇ ಒಳಗೆ ಬಗ್ಗಿ ಜೋಡಿಸಿದ, ಕೊಕ್ಕೆ ತೆಗೆದು ಐಸ್ ಗಡ್ಡೆಯನ್ನು ಒಡೆದು ಪೀಪಾಯಿಯ ಸುತ್ತ ತುಂಬಿದ. ಮುಚ್ಚಳ ಹಾಕಿದ. ಈ ಸಲ ಅದು ಚಪ್ಪೆಂದು ಕೂತಿತು. ಮೇಸ್ತ್ರಿ ಗೋಡೆಗೆ ಒರಗಿ ನಿಂತು ಒಂದೊಂದು ಬೈಗುಳವನ್ನೂ ಕೇಳಿಸಿಕೊಂಡರು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಅಕ್ಕ ಒಳಗಿನಿಂದ ಇಣುಕಿ ನೋಡಿ, ಸಾರಿಗೆ ಇನ್ನೊಂದು ಲೋಟ ನೀರು ಹಾಕಿದರು.

ಊಟವಾದ ಮೇಲೆ ನಲ್ಲಿ ತಿರುಗಿಸಿದಾಗ ಹೊಂಬಣ್ಣದ ಬೀರು ಬಂತು, ಮೇಲೆ ಎರಡು ಬೆರಳು ನೊರೆ. ತಿರುಗಿಸಿದ್ದು ಪಿಳ್ಳಪ್ಪ. ಎರಡು ಸ್ಟೀಲು ಲೋಟಕ್ಕೆ ಬಿಟ್ಟು ಒಂದನ್ನು ಮೇಸ್ತ್ರಿಗೆ ಕೊಟ್ಟ. ಶುಗರಿನ ಮಾತು ಎತ್ತಲಿಲ್ಲ, ಅರ್ಧ ಲೋಟಕ್ಕೆ ನಿಲ್ಲಿಸಿದ. ಮೇಸ್ತ್ರಿ ತಮ್ಮ ಜೀವನದ ಎರಡನೇ ಬೀರನ್ನು ಕಹಿ ಕಷಾಯ ಕುಡಿದ ಮುಖ ಮಾಡಿ ಕುಡಿದರು. ನಾನು ನಿಂಬೆ ಪಾನಕ ಕುಡಿದು ಮೂರೂವರೆ ಬಸ್ಸಿಗೆ ಬಂಗಾರಪೇಟೆಗೆ ಬಂದೆ. ದಾರಿಯುದ್ದಕ್ಕೂ ನನಗೆ ಖುಷಿಯಾಗಿತ್ತು. ಕಾರಣವಿಲ್ಲದೆ ಕಂಡಕ್ಟರನ ಜೊತೆ ಮಾತಾಡಿದೆ.

ಪೆಟ್ಟಿಗೆಯಲ್ಲಿ ಬೀರು ಬಂದದ್ದು ಆ ಒಂದು ದಿನ. ಆಮೇಲೆ ಪಿಳ್ಳಪ್ಪ ಅದೇ ನಲ್ಲಿಗೆ ಸೋಡಾ ಹಚ್ಚಿದ. ಪ್ರತಿ ಭಾನುವಾರ ಬಂದು ಲೈನಿನವರಿಗೆಲ್ಲ ನಿಂಬೆ ಸೋಡಾ ಬಿಟ್ಟುಕೊಡುತ್ತಿದ್ದ, ಮೇಸ್ತ್ರಿಯನ್ನು ಬೈಯುತ್ತಿದ್ದ. ಹಾಗೆ ಎರಡು ಬೇಸಿಗೆ ನಡೆಯಿತು. ಈಗ ಅಕ್ಕ ಮತ್ತೆ ಅದರಲ್ಲಿ ಅಕ್ಕಿ ತುಂಬಿದ್ದಾರೆ. ನಲ್ಲಿ ಹಾಗೇ ಇದೆ, ತೂತಿನಲ್ಲಿ ಪೈಪೂ ಹಾಗೇ ಇದೆ.

ಮೇಸ್ತ್ರಿ ಹೋದದ್ದು ಒಂದು ಬೆಳಗ್ಗೆ, ಹಲ್ಲುಜ್ಜುತ್ತ, ಎದೆ ಹಿಡಿದುಕೊಂಡು. ಮಗಳು ಕೊಯಮತ್ತೂರಿನಿಂದ ಬರಬೇಕಾಗಿದ್ದರಿಂದ ದೇಹವನ್ನು ಬಾಡಿಗೆಗೆ ತಂದ ಗಾಜಿನ ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾನು ಹೋಗುವ ಹೊತ್ತಿಗೆ ಜನ ತುಂಬಿದ್ದರು. ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಪಿಳ್ಳಪ್ಪ ಹೆಗಲ ಮೇಲೆ ಒಂದು ಸಣ್ಣ ಐಸ್ ಗಡ್ಡೆ ಹೊತ್ತು ಬಂದ. ಅದನ್ನು ಬಾಗಿಲ ಹೊರಗೆ ಇಳಿಸಿ, ಯಾರನ್ನೂ ನೋಡದೆ, ಹೂವಿನ ಹಾರಗಳನ್ನು ದಾಟಿ ನೆಟ್ಟಗೆ ಪೆಟ್ಟಿಗೆಯ ಹಿಂದಕ್ಕೆ ಹೋದ. ಗೋಡೆಯ ಸಂದಿಯಲ್ಲಿ ಕೈ ತೂರಿಸಿ, ಕೈಯ ಹಿಂಬದಿ ತಾಗಿಸಿ, ಕಣ್ಣು ಮುಚ್ಚಿದ. ಅಳುತ್ತಿದ್ದವರು ತಿರುಗಿ ನೋಡಿದರು. ಬಹಳ ಹೊತ್ತು ಹಾಗೇ ನಿಂತಿದ್ದು ಬಂದು ನನ್ನ ಪಕ್ಕ ಕೂತ.

"ಹಿಂದೆ ಬಿಸಿ ಐತೆ ಸಾರ್," ಅಂದ. "ಒಳಗೆ ತಣ್ಣಗವ್ನೆ."

ಮೂರನೆಯ ಮಾತು ಅವನ ಬಾಯಲ್ಲಿ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ.